ಬೂಸ್ಟು ಹಿಡಿದ ಗೆಣಸನ್ನು ದನಕ್ಕೆ ಹಾಕಬೇಡಿ, ಕೊಯ್ದು ಹಾಕಿದರೂ ಅಷ್ಟೇ

ಮನೆಯಲ್ಲಿ ಗೆಣಸಿನ ರಾಶಿಯೂ ಇದೆ, ಕೊಟ್ಟಿಗೆಯಲ್ಲಿ ದನವೂ ಇದೆ ಅನ್ನುವವರು ಇದನ್ನು ಓದಿ. ನನ್ನ ಹಸು ಹೋಯಿತು.

ಕಿತ್ತ ಗೆಣಸನ್ನು ಆತುರದಲ್ಲಿ ಹಾಗೇ ಮೂಲೆಗೆ ಸುರಿದಿದ್ದೆ. ಗುದ್ದಲಿ ತಾಗಿ ಗಾಯವಾದದ್ದನ್ನೂ ಬೇರೆ ಮಾಡಿರಲಿಲ್ಲ. ಕೆಲವು ವಾರ ಬಿಟ್ಟು ನೋಡಿದರೆ ಅಡಿಯಲ್ಲಿದ್ದವೆಲ್ಲ ಕಪ್ಪಾಗಿ ಬೂಸ್ಟು ಹಿಡಿದಿದ್ದವು. ಎಸೆಯೋಕೆ ಮನಸ್ಸು ಬರಲಿಲ್ಲ. ಮೆತ್ತಗಾದದ್ದನ್ನು ಕೊಯ್ದು ಬಿಸಾಕಿ, ಗಟ್ಟಿ ಇದ್ದದ್ದನ್ನು ಒಂದು ಬುಟ್ಟಿ ಹಸುವಿನ ಮುಂದೆ ಹಾಕಿದೆ. ಆಸೆಪಟ್ಟು ತಿಂದಿತು.

ಮಾರನೇ ದಿನ ಮೇವು ಮುಟ್ಟಲಿಲ್ಲ. ಕತ್ತು ಮುಂದಕ್ಕೆ ಚಾಚಿ, ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಉಸಿರು ಬಿಡುವಾಗೆಲ್ಲ ನರಳುವ ಸದ್ದು. ತುಟಿಯಂಚಲ್ಲಿ ನೊರೆ. ದನದ ಡಾಕ್ಟರು ಬಂದವರೇ ಕೇಳಿದ್ದು, "ಏನು ತಿನ್ನಿಸಿದ್ರಿ?" ಗೆಣಸು ಅಂದೆ. ಅವರ ಮುಖ ಸಪ್ಪಗಾಯಿತು. ಈ ವಿಷಕ್ಕೆ ಇಂಥದ್ದೇ ಮದ್ದು ಅಂತ ಇಲ್ಲವಂತೆ. ಮೂರನೇ ದಿನ ಬೆಳಗ್ಗೆ ಸತ್ತಿತು.

ಆಮೇಲೆ ಗೊತ್ತಾಗಿದ್ದು ಇದು. ಗೆಣಸು ಸುಮ್ನೆ ಕೊಳೆಯೋದಿಲ್ಲ. ಬೂಸ್ಟು ಒಳಗೆ ಇಳಿದರೆ ಅದನ್ನು ತಡೆಯೋಕೆ ತಾನೇ ಕಹಿ ರಸಾಯನಗಳನ್ನು ಮಾಡಿಕೊಳ್ಳುತ್ತದೆ. ಇಪೊಮಿಯಮರೋನ್ ಅಂಥದ್ದೊಂದು, ಲಿವರ್‌ಗೆ ಕೆಟ್ಟದ್ದು. ಫ್ಯುಸೇರಿಯಂ ಬೂಸ್ಟು ಬಂದರಂತೂ ಇನ್ನೂ ಫಜೀತಿ. ಗೆಣಸು ಮಾಡಿಕೊಂಡ ರಸಾಯನವನ್ನೇ ಅದು ಮುರಿದು 4-ಇಪೊಮಿಯನಾಲ್ ಮಾಡಿಬಿಡುತ್ತದೆ. ಅದು ದನದ ಶ್ವಾಸಕೋಶ ಸೇರಿದ ಮೇಲೇ ನಿಜವಾದ ವಿಷವಾಗುವುದು. ಅಲ್ಲಿ ನೀರು ತುಂಬುತ್ತದೆ, ಉಸಿರು ಕಟ್ಟುತ್ತದೆ. ಗೆಣಸು ತನ್ನನ್ನು ಕಾಯಲು ಮಾಡಿಕೊಂಡದ್ದು ನನ್ನ ಹಸುವನ್ನು ತೆಗೆಯಿತು, ಅಲ್ವಾ?

ಕೊಯ್ದು ಹಾಕಿದೆ ಅಂತ ನಾನು ಧೈರ್ಯವಾಗಿದ್ದೆ. ಆದರೆ ವಿಷ ಕೊಳೆತ ಜಾಗದಲ್ಲೇ ನಿಲ್ಲುವುದಿಲ್ಲ, ಪಕ್ಕದ ಗಟ್ಟಿ ತಿರುಳಿಗೂ ಇಳಿದಿರುತ್ತದೆ. ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ನೀವು ತಿನ್ನುವಾಗಲೂ ಕಹಿ ಹತ್ತಿದರೆ ಉಗಿದುಬಿಡಿ.

ಈಗ ಗಾಯವಾದ ಗೆಣಸನ್ನು ಮೊದಲೇ ಆರಿಸಿ ಬೇಗ ಖಾಲಿ ಮಾಡುತ್ತೇನೆ. ಉಳಿದದ್ದನ್ನು ರಾಶಿ ಹಾಕುವ ಮುಂಚೆ ಸುಮಾರು 30 ಡಿಗ್ರಿ ಶಾಖದಲ್ಲಿ, ತೇವ ಜಾಸ್ತಿ ಇರುವ ಕಡೆ 4ರಿಂದ 7 ದಿನ ಹರಡುತ್ತೇನೆ. ಸಣ್ಣ ತರಚು ಗಾಯದ ಮೇಲೆ ಹೊಸ ಸಿಪ್ಪೆ ಕಟ್ಟಿಕೊಳ್ಳುತ್ತದೆ, ಬೂಸ್ಟಿಗೆ ದಾರಿ ಸಿಗುವುದು ಕಷ್ಟ. ಆದರೂ ಕೊಳೆತದ್ದು ನೇರ ಗುಂಡಿಗೆ. ದನ ಬಾಯಿ ಹಾಕದ ಹಾಗೆ ಮೇಲೆ ಮಣ್ಣು ಎಳೆದು ಬರುತ್ತೇನೆ.