ಎಸ್‌ಎಸ್‌ಎಲ್‌ಸಿ: 80 ಅಂಕದ ಪರೀಕ್ಷೆಯೋ, 20 ಅಂಕದ ಪ್ರಾಜೆಕ್ಟೋ?

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಶಾಲೆಯಲ್ಲಿ ಆಂತರಿಕ ಮೌಲ್ಯಮಾಪನದ 20 ಅಂಕವನ್ನೂ ಹಾಕಿದ್ದೇನೆ, ವ್ಯಾಲ್ಯುಯೇಷನ್‌ಗೆ ಹೋಗಿ ಲಿಖಿತ ಪರೀಕ್ಷೆಯ 80ನ್ನೂ ಹಾಕಿದ್ದೇನೆ. ಮಕ್ಕಳ ಕಲಿಕೆಯನ್ನು ಸರಿಯಾಗಿ ಅಳೆಯುವುದು ಯಾವುದು ಅಂದರೆ, ಸದ್ಯಕ್ಕೆ ನನ್ನ ವೋಟು ಪರೀಕ್ಷೆಗೇ.

ಆ 20 ಅಂಕ ಬರುವುದು ವರ್ಷದ ನಾಲ್ಕು ಎಫ್‌ಎಗಳಿಂದ, ಅಂದರೆ ವರ್ಷದ ನಡುನಡುವೆ ಶಾಲೆಯಲ್ಲೇ ಮಾಡುವ ರೂಪಣಾತ್ಮಕ ಮೌಲ್ಯಮಾಪನಗಳಿಂದ. ಚಟುವಟಿಕೆ, ಪ್ರಾಜೆಕ್ಟು, ಕಿರುಪರೀಕ್ಷೆ ಎಲ್ಲ ಸೇರಿಸಿ 20ಕ್ಕೆ ಇಳಿಸಿದ ಲೆಕ್ಕ. ಆದರೆ ನಿಜಕ್ಕೂ ಬರುವುದೇನು? ಅಂಗಡಿಯ ಚಾರ್ಟು, ಅಕ್ಕನ ಅಕ್ಷರ, ರಟ್ಟು ಮಾತ್ರ ಬದಲಾದ ಹೋದ ವರ್ಷದ ಪ್ರಾಜೆಕ್ಟು. ಪಕ್ಕದ ಶಾಲೆ ಎಲ್ಲರಿಗೂ 20 ಕೊಡುವಾಗ ನಾವು 14 ಕೊಟ್ಟರೆ ನಷ್ಟ ನಮ್ಮ ಮಕ್ಕಳಿಗೇ ಅಲ್ವಾ? ಹಾಗಾಗಿ ಎಲ್ಲರಿಗೂ 19, 20. ಎಲ್ಲರಿಗೂ ಒಂದೇ ಅಂಕ ಬಂದ ಮೇಲೆ ಅಳೆದದ್ದೇನು?

ಒಂದು ಸಲ ಚಾರ್ಟು ಬೇಡ ಅಂದೆ. ಬ್ಯಾಟರಿ, ಕರೆಂಟು ಅಳೆಯುವ ಅಮ್ಮೀಟರ್, ಎರಡು ರೋಧಕ (ರೆಸಿಸ್ಟರ್) ಮುಂದಿಟ್ಟು, ಸರಣಿಯಲ್ಲಿ ಜೋಡಿಸು, ಆಮೇಲೆ ಸಮಾಂತರವಾಗಿ ಜೋಡಿಸು, ಕರೆಂಟು ಯಾವುದರಲ್ಲಿ ಜಾಸ್ತಿ, ಯಾಕೆ ಅಂತ ಒಬ್ಬೊಬ್ಬರನ್ನೇ ಕೇಳಿದೆ. ಟೆಸ್ಟಿನಲ್ಲಿ ಯಾವಾಗಲೂ ಹಿಂದಿರುವ ಹುಡುಗ, ಅಪ್ಪನ ಜೊತೆ ಮನೆ ವೈರಿಂಗ್ ಕೆಲಸಕ್ಕೆ ಹೋಗುವವನು, ಸಮಾಂತರದಲ್ಲಿ ಜಾಸ್ತಿ, ಹರಿಯೋಕೆ ಎರಡು ದಾರಿ ಇದೆಯಲ್ಲ ಸಾರ್ ಅಂದ. ಪ್ರತಿ ಟೆಸ್ಟಿನಲ್ಲೂ ಮೊದಲು ಬರುವ ಹುಡುಗಿ ಸೂತ್ರ ಪಟಪಟನೆ ಹೇಳಿದಳು, ಅಮ್ಮೀಟರ್ ಎಲ್ಲಿ ಸೇರಿಸಬೇಕು ಅಂತ ಗೊತ್ತಾಗಲಿಲ್ಲ. ಇಂಥದ್ದು ಯಾವ ಉತ್ತರಪತ್ರಿಕೆಯಲ್ಲೂ ಕಾಣುವುದಿಲ್ಲ. ಆದರೆ ಒಂದು ತರಗತಿಗೇ ಎಷ್ಟೋ ಪೀರಿಯಡ್ ಹೋಯಿತು. ರಾಜ್ಯದಲ್ಲಿ ಎಸ್‌ಎಸ್‌ಎಲ್‌ಸಿ ಬರೆಯುವ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಇದನ್ನು ಮಾಡೋರು ಯಾರು?

ಪರೀಕ್ಷೆಗೂ ರೋಗ ಇದೆ. ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರ ಇರುವ ‘ಪಾಸಿಂಗ್ ಪ್ಯಾಕೇಜ್’ ಓದಿ, ಹೃದಯದ ಚಿತ್ರ ಬಿಡಿಸಿ ಬಿಡಿಸಿ ಕೈಗೆ ಕೂರಿಸಿಕೊಂಡರೆ ದಡ ಸೇರಬಹುದು. ಕೀ ಆನ್ಸರ್‌ನಲ್ಲಿ ಇಲ್ಲದ ಉತ್ತರ ಎಷ್ಟೇ ಚೆನ್ನಾಗಿದ್ದರೂ, ತಿದ್ದುವವರಿಗೆ ಅದರ ಮೇಲೆ ಯೋಚಿಸಲು ಪುರುಸೊತ್ತಿಲ್ಲ. ಆದರೂ ಅಲ್ಲಿ ಪತ್ರಿಕೆ ಯಾರದ್ದು, ಯಾವ ಶಾಲೆಯದ್ದು ಅಂತ ನನಗೆ ಗೊತ್ತಿರುವುದಿಲ್ಲ. ಅಪ್ಪ ಚಾರ್ಟು ಕೊಡಿಸಲಾಗದ ಮಗುವಿಗೆ ಅದೇ ದೊಡ್ಡ ರಕ್ಷಣೆ. ಆ ಒಂದು ದಿನ ಜ್ವರ ಬಂದರೆ ಅನ್ನುವ ವಾದವೂ ಈಗ ಅಷ್ಟು ನಿಲ್ಲಲ್ಲ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಜಾಸ್ತಿ ಬಂದದ್ದನ್ನು ಉಳಿಸಿಕೊಳ್ಳಬಹುದು.

80-20 ಹಾಗೇ ಇರಲಿ. ಆದರೆ ನನ್ನ ತರಗತಿಯಲ್ಲಿ ಚಾರ್ಟು ತಂದರೆ ಗೋಡೆಗೆ ಅಂಟಿಸುತ್ತೇನೆ, ಅಂಕ ಮಾತ್ರ ಅದರ ಬಗ್ಗೆ ಕೇಳಿದ್ದಕ್ಕೆ ಉತ್ತರ ಹೇಳಿದವರಿಗೆ.