ಹಳೇ ಬಂದೂಕಿನ ಗೇಮ್ ಮಷಿನ್ ತಗೊಳ್ಳೋ ಮೊದ್ಲ ಇದನ್ನ ಓದ್ರಿ (ಹುಬ್ಬಳ್ಳಿ-ಧಾರವಾಡ ಮಂದಿ, ನಿಮಗ ಹೇಳಾಕತ್ತೇನಿ)

ಬರಿಯಾಕ ನಾಚಿಕಿ ಬರಾಕತ್ತೈತಿ. ಆದ್ರೂ ಬರೀತೇನಿ, ಯಾಕಂದ್ರ ಆ ಮನಷ್ಯಾ ಇನ್ನೂ ಮಾರಾಕತ್ತಾನ.

ವಿದ್ಯಾನಗರದಾಗ ನಂದೊಂದು ಸಣ್ಣ ಗೇಮ್ ಅಂಗಡಿ ಐತಿ. ಬ್ಯಾಸಗಿ ಸೂಟಿಗೆ ಒಂದು ಬಂದೂಕಿನ ಮಷಿನ್ ಇಡಬೇಕಂತ ಹುಡುಕಾಕತ್ತಿದ್ದೆ. ‘ಸ್ಟಾರ್ ಟ್ರೆಕ್ ವಾಯೇಜರ್, ಒರಿಜಿನಲ್, 2002 ಮಾಡೆಲ್, 85,000’ ಅಂತ ಜಾಹೀರಾತು ಕಂಡಿತು. ನಾ ಆ ಸೀರಿಯಲ್ಲಿನ ಹುಚ್ಚ. 1995ರಿಂದ 2001ರ ತನಕ ಏಳು ಸೀಸನ್ ಬಂತು, 70,000 ಜ್ಯೋತಿರ್ವರ್ಷ ದೂರ ಹೋಗಿ ಬಿದ್ದ ಹಡಗು ಮನಿಗೆ ಬರೂ ಕಥಿ. ಅದರ ಮ್ಯಾಲ ಬಂದೂಕಿನ ಆರ್ಕೇಡ್, ಅಂದ್ರ ಕಾಯಿನ್ ಹಾಕಿ ಆಡೂ ಮಷಿನ್, ಬಂದಿದ್ದು ಖರೆ, 2002ರಾಗ ಬಂದಿದ್ದೂ ಖರೆ. ಇಷ್ಟು ಖರೆ ಹೇಳಿದವ ಉಳಿದದ್ದೂ ಖರೆ ಹೇಳತಿರಬೇಕು ಅಂತ ತಿಳಕೊಂಡೆ.

ಗೋಕುಲ ರೋಡ್ ಕಡೆ ಒಂದು ಗೋಡೌನ್. ಆತ ಬಂದೂಕು ಹಿಡದು ಟಪ್ ಟಪ್ ಹೊಡದ, ಪರದೆ ಮ್ಯಾಲ ಬೋರ್ಗ್‌ಗಳು (ಆ ಸೀರಿಯಲ್ಲಿನ ಅರ್ಧ ಯಂತ್ರದ ವೈರಿಗಳು) ಧಡಾಧಡ ಬಿದ್ವು. ನಾ ವಿಡಿಯೋ ಮಾಡಿಕೊಂಡೆ. ‘ನನಗೂ ಒಂದ್ಸಲ ಕೊಡ್ರಿ’ ಅಂದ್ರ, ‘ಬ್ಯಾಡ್ರಿ ಅಣ್ಣಾರ, ವೈರ್ ಲೂಸ್ ಐತಿ, ಟೈಟ್ ಮಾಡಿ ಕಳಸ್ತೇನಿ’ ಅಂದ. ಚಹಾ ಕುಡಿಸಿದ, ಪೇಢೆ ತಿನ್ನಿಸಿದ. 40,000 ಅಲ್ಲೇ ಫೋನಿನಾಗ ಹಾಕಿದೆ. ಉಳಿದ 45,000 ಟೆಂಪೋ ಬಂದಾಗ ಕೈಯಾಗ ಕೊಟ್ಟೆ. ಬಿಲ್ ಕೇಳಲಿಲ್ಲ. ಹೌದ್ರಿ, ಕೇಳಲಿಲ್ಲ. ಬೈರಿ.

ಅಂಗಡ್ಯಾಗ ಕಾಯಿನ್ ಹಾಕಿ ಹೊಡದೆ. ಒಂದೂ ಹತ್ತಲಿಲ್ಲ. ಹತ್ರ ಹೋಗಿ ಹೊಡದೆ, ಪರದೆಗೆ ಬಂದೂಕು ಹಚ್ಚಿ ಹೊಡದೆ. ಊಹೂಂ.

ತಂಗಿ ಮಗ, ಆರನೇತ್ತಾ ಓದೋ ಹುಡುಗ, ನನ್ನ ಫೋನಿನಾಗಿನ ವಿಡಿಯೋ ನೋಡಿ ಕೇಳಿದ: ‘ಮಾಮಾ, ಇಂವ ಆಟ ಆಡೂ ಮುಂದ ಕೆಳಗ ಇನ್ಸರ್ಟ್ ಕಾಯಿನ್ ಅಂತ ಯಾಕ ಮಿಣಕಾಕತ್ತೈತಿ?’

ಎದಿ ಧಸಕ್ಕಂತು. ಯಾರೂ ಆಡದಿದ್ದಾಗ ಮಂದೀನ ಕರಿಯಾಕ ಈ ಮಷಿನ್‌ಗಳು ತಾವ ಆಟ ತೋರಸ್ತಾವ. ಅದು ನಡದಿತ್ತು, ಈತ ಅದಕ್ಕ ತಕ್ಕಂಗ ಬಂದೂಕು ತಿರುಗಿಸಿ ಬಯಲಾಟದಾಂವ್ರಂಗ ಕುಣದಿದ್ದ. ನಾ ‘ವ್ಹಾ!’ ಅಂದೇನಿ. ವಿಡಿಯೋದಾಗ ನನ್ನ ದನೀನೂ ಐತಿ. ಗೇಮ್ ಅಂಗಡಿ ನಡಸೂ ಮನಷ್ಯಾ ನಾ!

ಮೆಕ್ಯಾನಿಕ್ ಬಂದು ಹಿಂದಿನ ಹಲಗಿ ಬಿಚ್ಚಿದ. ಒಳಗ ಡಬ್ಬಿ ಟಿವಿ ತಗದು ಎಲ್‌ಸಿಡಿ ಕೂಡಿಸ್ಯಾರ, ಬಂದೂಕು ಮಾತ್ರ ಡಬ್ಬಿ ಟಿವಿ ಕಾಲದ್ದು. ಆ ಬಂದೂಕಿಗೆ ಟ್ರಿಗರ್ ಒತ್ತಿದ ಕೂಡ್ಲೆ ಪರದೆ ಮಿಂಚಬೇಕು, ಆ ಮಿಂಚು ಯಾವ ಗಳಿಗ್ಯಾಗ ಬಂತು ಅನ್ನೂದರ ಮ್ಯಾಲ ಗುರಿ ಲೆಕ್ಕ ಹಾಕತೈತಿ. ಡಬ್ಬಿ ಟಿವಿ ಗೆರಿ ಗೆರಿ ಬರಕೋತ ಹೋಗತೈತಿ, ಅದಕ್ಕ ಲೆಕ್ಕ ಸಿಗತೈತಿ. ಎಲ್‌ಸಿಡಿ ಹಂಗ ಬರಿಯೂದಿಲ್ಲ, ಚಿತ್ರನೂ ತಡಾ ಮಾಡಿ ತೋರಸತೈತಿ. ಈ ಜೋಡಿ ಯಾವತ್ತೂ ನಡಿಯೂದಿಲ್ರಿ.

ಆತನ ಉತ್ತರ ಕೇಳ್ರಿ.

ಮೊದಲನೇ ದಿನ: ‘ನಿಮ್ಮ ಅಂಗಡ್ಯಾಗ ಬೆಳಕು ಜಾಸ್ತಿ ಅಣ್ಣಾರ, ಲೈಟ್ ಆರಿಸಿ ಆಡ್ರಿ.’ ಆರಿಸಿದೆ. ಕತ್ತಲ್ಯಾಗ ಕುರ್ಚಿ ಎಡವಿದೆ, ಅಷ್ಟ.

ಎರಡನೇ ದಿನ: ‘ಟರ್ಮಿನೇಟರ್ 2 ಎಲ್‌ಸಿಡಿ ಮ್ಯಾಲ ಓಡತೈತಲ್ರಿ?’ ಏ ಮಾರಾಯಾ, 1991ರ ಆ ಮಷಿನ್ಯಾಗ ಬಂದೂಕನ್ನ ಮಷಿನ್ನಿಗೇ ಜಡದಿರತಾರ, ಅದು ಜಾಯ್‌ಸ್ಟಿಕ್ ಇದ್ದಂಗ. ಪರದೆ ನೋಡೂದ ಇಲ್ಲ ಅದು! ಅಂದ್ರ ಆತಗ ಎಲ್ಲಾ ಗೊತ್ತೈತಿ. ಗೊತ್ತಿದ್ದ ಮಾರ್‍ಯಾನ.

ಮೂರನೇ ದಿನ: ‘ನೀವ ಕಣ್ಣಾರೆ ನೋಡಿ ತಗೊಂಡೀರಿ. ಸೆಕೆಂಡ್ ಹ್ಯಾಂಡ್ ಮಾಲಿಗೆ ಗ್ಯಾರಂಟಿ ಇರೂದಿಲ್ಲ.’ ಅಲ್ಲಿ ತನಕ ಅಣ್ಣಾರ ಅಂತಿದ್ದ, ಅವತ್ತಿಂದ ಅಣ್ಣಾರನೂ ಇಲ್ಲ. ಆಮ್ಯಾಲ ನಂಬರ್ ಬ್ಲಾಕ್. ಗೋಡೌನಿಗೆ ಹೋದ್ರ ಕೀಲಿ. ವಕೀಲ ಗೆಳೆಯಾಗ ಹೇಳಿದ್ರ ಮೊದ್ಲ ಕೇಳಿದ್ದ, ‘ಬಿಲ್ ಎಲ್ಲೈತಿ?’

ಸ್ವಂತ ಕೈಯಾಗ ಬಂದೂಕು ಹಿಡೀರಿ, ಸ್ವಂತ ಕಾಯಿನ್ ಹಾಕ್ರಿ, ನಾಲ್ಕೂ ಮೂಲಿಗೆ ಹೊಡೀರಿ. ಹಿಂದಿನ ಹಲಗಿ ಬಿಚ್ಚಿಸ್ರಿ. ವೈರ್ ಲೂಸ್ ಐತಿ ಅಂದ್ರ ಅಲ್ಲಿಂದ ಎದ್ದ ಬರ್ರಿ. ಪೇಢೆ ತಿನಬ್ಯಾಡ್ರಿ.

ನಿನ್ನೆ ಬ್ಯಾರೆ ಹೆಸರಿನಾಗ ಹೊಸಾ ಜಾಹೀರಾತು ಬಂದೈತಿ, 90,000. ಅದ ಗೋಡೌನ್, ಅದ ಕುಣಿತ. ಕೆಳಗ ಇನ್ಸರ್ಟ್ ಕಾಯಿನ್ ಮಿಣಕಾಕತ್ತೈತಿ, ನೋಡ್ರಿ.