ಏಟು ಬೀಳುವ ಮುನ್ನ ಕಾಣಬೇಕು: ಮಳೆಗಾಲದಲ್ಲಿ ಆಡಿದ ನಾಲ್ಕು ಆಕ್ಷನ್ ಗೇಮ್‌ಗಳು

ಆಕ್ಷನ್ ಗೇಮ್ ಎಂದೊಡನೆ ಹೆಚ್ಚಿನವರು ಮೊದಲು ಕೇಳುವುದು ಗ್ರಾಫಿಕ್ಸ್ ಹೇಗಿದೆ, ಕಥೆ ಎಷ್ಟು ಉದ್ದವಿದೆ ಎಂದು. ಅವೂ ಬೇಕಾದವೇ. ಆದರೆ ಕಂಟ್ರೋಲರ್ ಕೈಗೆತ್ತಿಕೊಂಡು ಕುಳಿತವನಿಗೆ ಅವೆಲ್ಲಕ್ಕಿಂತ ಮೊದಲು ಬೇಕಾದದ್ದು ನ್ಯಾಯ. ತನ್ನ ಮೇಲೆ ಬೀಳಲಿರುವ ಏಟು ಬೀಳುವ ಮುನ್ನ ಕಣ್ಣಿಗೋ ಕಿವಿಗೋ ತಿಳಿಯಬೇಕು. ಸೋತಾಗ ಯಾಕೆ ಸೋತೆ ಎಂಬ ಪ್ರಶ್ನೆಗೆ ಆಟದೊಳಗೇ ಉತ್ತರ ಸಿಗಬೇಕು. ಶಿರಸಿಯಲ್ಲಿ ಜುಲೈ ತಿಂಗಳ ಮಳೆ ಹಿಡಿದರೆ ಸಂಜೆಯ ಮೇಲೆ ಹೊರಗೆ ಹೋಗುವ ಮಾತೇ ಇರುವುದಿಲ್ಲವಾದ್ದರಿಂದ, ನಾನೂ ರಜೆಗೆ ಬಂದಿದ್ದ ತಂಗಿಯ ಮಗನೂ ಸೇರಿ ಈ ಸಲದ ಮಳೆಗಾಲದಲ್ಲಿ ಸೆಕಿರೊ, ಹೇಡಿಸ್, ಬ್ಲ್ಯಾಕ್ ಮಿತ್ ವುಕಾಂಗ್ ಮತ್ತು ರಾಜಿ ಎಂಬ ನಾಲ್ಕು ಆಟಗಳನ್ನು ಆಡಿದೆವು. ಇವುಗಳಲ್ಲಿ ಯಾವುದೂ ನಿನ್ನೆ ಮೊನ್ನೆ ಬಂದದ್ದಲ್ಲ, ಆದರೆ ನಾಲ್ಕನ್ನೂ ಬೆನ್ನುಬೆನ್ನಿಗೆ ಆಡಿದ್ದರಿಂದ ಒಂದೇ ಅಳತೆಗೋಲು ಹಿಡಿದು ನೋಡಲು ಸಾಧ್ಯವಾಯಿತು.

ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ 2019ರ ಮಾರ್ಚ್‌ನಲ್ಲಿ ಹೊರತಂದ ‘ಸೆಕಿರೊ: ಶ್ಯಾಡೋಸ್ ಡೈ ಟ್ವೈಸ್’ ನನ್ನ ಮಟ್ಟಿಗೆ ಈ ನಾಲ್ಕರಲ್ಲಿ ಮಾತ್ರವಲ್ಲ, ನಾನು ಆಡಿದ ಎಲ್ಲ ಕತ್ತಿಯ ಆಟಗಳಲ್ಲೂ ಮೇಲಿನದು. ಹಿಡೆಟಾಕಾ ಮಿಯಾಝಾಕಿ ನಿರ್ದೇಶಿಸಿದ ಈ ಆಟಕ್ಕೆ ಅದೇ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಅತ್ಯುತ್ತಮ ಆಟವೆಂಬ ಪ್ರಶಸ್ತಿಯೂ ಬಂದಿತ್ತು. ಜಪಾನಿನ ಅಂತರ್ಯುದ್ಧಗಳ ಕಾಲದ ಆಶಿನ ಎಂಬ ಕಾಲ್ಪನಿಕ ಸೀಮೆಯಲ್ಲಿ, ಒಂದು ತೋಳು ಕಳೆದುಕೊಂಡ ಶಿನೋಬಿ, ಅಂದರೆ ನಿಂಜಾ ಯೋಧನೊಬ್ಬ, ತನ್ನ ಬಾಲಕ ಒಡೆಯ ಕುರೊನನ್ನು ಬಿಡಿಸಿ ತರಲು ಹೊರಡುವುದು ಕಥೆ. ಆಡುವವನಿಗೆ ಸಿಗುವ ಮುಖ್ಯ ಕತ್ತಿ ಒಂದೇ. ಜೊತೆಗೆ ಕಡಿದುಹೋದ ತೋಳಿನ ಜಾಗದಲ್ಲಿ ಕೂರಿಸಿದ ಕೃತಕ ತೋಳಿನ ಸಲಕರಣೆಗಳಿವೆ. ಕಷ್ಟದ ಮಟ್ಟವನ್ನು ಇಳಿಸುವ ಆಯ್ಕೆ ಇಲ್ಲ, ಇನ್ನೊಬ್ಬ ಆಟಗಾರನನ್ನು ನೆರವಿಗೆ ಕರೆಯುವ ದಾರಿಯೂ ಇಲ್ಲ. ಇಷ್ಟು ಕೇಳಿಯೇ ಅನೇಕರು ಹಿಂದೆ ಸರಿಯುತ್ತಾರೆ, ಅದು ನನಗೆ ನಿಜಕ್ಕೂ ಬೇಸರದ ಸಂಗತಿ.

ಏಕೆಂದರೆ ಈ ಆಟದ ಕಾದಾಟದಲ್ಲಿ ಮುಚ್ಚುಮರೆ ಎಂಬುದೇ ಇಲ್ಲ. ಬೇರೆ ಆಟಗಳಲ್ಲಿ ಎದುರಾಳಿಯ ಪ್ರಾಣಶಕ್ತಿಯ ಪಟ್ಟಿ ಬರಿದಾಗುವವರೆಗೆ ಹೊಡೆಯುತ್ತ ಹೋಗಬೇಕು. ಇಲ್ಲಿ ಅದರೊಂದಿಗೆ ನಿಲುವಿನ ಪಟ್ಟಿಯೆಂದು ಇನ್ನೊಂದಿದೆ. ಎದುರಾಳಿಯ ಕತ್ತಿ ನಮ್ಮನ್ನು ತಾಗುವ ಗಳಿಗೆಗೆ ಸರಿಯಾಗಿ ಅಡ್ಡಗತ್ತಿ ಹಿಡಿದರೆ ನಮಗೆ ಗಾಯವಾಗುವುದಿಲ್ಲ, ಅವನ ನಿಲುವು ಸ್ವಲ್ಪ ಸಡಿಲವಾಗುತ್ತದೆ. ಹೀಗೆ ತುಂಬುತ್ತ ಬಂದ ಪಟ್ಟಿ ಒಮ್ಮೆ ಪೂರ್ತಿಯಾದರೆ ಒಂದೇ ಇರಿತಕ್ಕೆ ಅವನನ್ನು ಕೆಡವಬಹುದು. ಹೆದರಿ ಹಿಂದೆ ಸರಿದು ನಿಂತರೆ ಅವನು ಸುಧಾರಿಸಿಕೊಳ್ಳುತ್ತಾನೆ. ಆದರೆ ಅವನ ಪ್ರಾಣಶಕ್ತಿ ಇಳಿದಷ್ಟೂ ಆ ಸುಧಾರಿಕೆ ನಿಧಾನವಾಗುತ್ತದೆ, ಆದ್ದರಿಂದ ಮೊದಲು ಒಂದಿಷ್ಟು ಗಾಯ ಮಾಡಿ ಆಮೇಲೆ ನಿಲುವು ಮುರಿಯುವುದು ಜಾಣತನ. ಗಳಿಗೆ ತಪ್ಪದೆ ಹಿಡಿದ ಅಡ್ಡಗತ್ತಿಯ ಸದ್ದು ಸ್ಫುಟವಾಗಿ ಖಣಿಲ್ ಎನ್ನುತ್ತದೆ, ಕಿಡಿಯೂ ದೊಡ್ಡದಾಗಿ ಹಾರುತ್ತದೆ. ತುಸು ಮೊದಲೇ ಹಿಡಿದರೆ ಸದ್ದು ಮಂದವಾಗಿರುತ್ತದೆ. ಕಣ್ಣು ಎದುರಾಳಿಯ ಭುಜದ ಮೇಲೇ ಇದ್ದರೂ ಕೈ ಎಷ್ಟು ಸರಿಯಾಗಿ ನಡೆಯುತ್ತಿದೆ ಎಂಬುದನ್ನು ಕಿವಿಯೇ ಹೇಳಿಬಿಡುತ್ತದೆ.

ಬಡಗುತಿಟ್ಟಿನ ಯಕ್ಷಗಾನದಲ್ಲಿ ಯುದ್ಧದ ಸನ್ನಿವೇಶವನ್ನು ಹತ್ತಿರದಿಂದ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಇಬ್ಬರು ವೇಷಧಾರಿಗಳು ಎದುರುಬದುರಾಗಿ ನಿಂತಾಗ ಚಂಡೆಯ ನುಡಿತವೇ ಮುಂದಿನ ಹೆಜ್ಜೆ ಎಲ್ಲಿ ಬೀಳಬೇಕೆಂದು ಇಬ್ಬರಿಗೂ ತಿಳಿಸುತ್ತದೆ, ತಾಳ ತಪ್ಪಿದವನ ಕುಣಿತ ಅಲ್ಲಿಯೇ ಕೆಡುತ್ತದೆ. ಸೆಕಿರೊದ ಕಾದಾಟವೂ ಹಾಗೆಯೇ ಲಯದ್ದು. ಆಶಿನ ಕೋಟೆಯ ತುದಿಯಲ್ಲಿ ಎದುರಾಗುವ ಗೆನಿಚಿರೊ ಎಂಬ ಸೇನಾನಿ ಅದನ್ನು ಕಲಿಸಲೆಂದೇ ನಿಂತಂತಿದ್ದಾನೆ. ಅವನು ಮೇಲಕ್ಕೆ ನೆಗೆದು ಕತ್ತಿಯನ್ನು ನೆಲಕ್ಕೆ ಅಪ್ಪಳಿಸಿದ ಮೇಲೆ ಎರಡು ದಾರಿಗಳಿವೆ: ಕತ್ತಿಯನ್ನು ನೇರವಾಗಿ ಎದೆಗೆ ಚುಚ್ಚಬಹುದು, ಇಲ್ಲವೆ ಕಾಲಿನ ಮಟ್ಟದಲ್ಲಿ ಅಡ್ಡಲಾಗಿ ಬೀಸಬಹುದು. ಎರಡಕ್ಕೂ ಮುನ್ನ ಪರದೆಯ ಮೇಲೆ ಅಪಾಯವೆಂದು ಸಾರುವ ಅದೇ ಕೆಂಪು ಅಕ್ಷರ ಮೂಡುತ್ತದೆ, ಅದೇ ಸದ್ದು ಕೇಳುತ್ತದೆ. ಚುಚ್ಚುವುದಾದರೆ ಅವನತ್ತಲೇ ಮುಂದಕ್ಕೆ ಹೆಜ್ಜೆಯಿಟ್ಟು ಕತ್ತಿಯನ್ನು ಕಾಲಿನಡಿ ಮೆಟ್ಟಬೇಕು, ಬೀಸುವುದಾದರೆ ಮೇಲಕ್ಕೆ ನೆಗೆಯಬೇಕು. ಅಕ್ಷರ ಎಚ್ಚರಿಕೆ ಕೊಡುತ್ತದೆ, ಉತ್ತರವನ್ನು ಮಾತ್ರ ಅವನ ಕೈ ಮತ್ತು ಕತ್ತಿ ಇರುವ ಭಂಗಿಯಲ್ಲಿ ಓದಿಕೊಳ್ಳಬೇಕು. ಕೊನೆಯ ಹಂತದಲ್ಲಿ ಅವನು ಸಿಡಿಲನ್ನೇ ಕತ್ತಿಗೆ ತಂದುಕೊಂಡಾಗ, ಸಿಡಿಲು ತಾಗುವ ಹೊತ್ತಿಗೆ ಗಾಳಿಯಲ್ಲಿದ್ದು, ಕಾಲು ನೆಲ ಮುಟ್ಟುವ ಮೊದಲೇ ಕತ್ತಿ ಬೀಸಿದರೆ ಆ ಸಿಡಿಲು ಅವನಿಗೇ ತಿರುಗಿ ಬಡಿಯುತ್ತದೆ. ಇದನ್ನೂ ಆಟ ಬಚ್ಚಿಡುವುದಿಲ್ಲ, ಮೊದಲೇ ತಿಳಿಸಿಕೊಟ್ಟಿರುತ್ತದೆ.

ಹೊಸಬರು ಮರೆಯಬಾರದ ಇನ್ನೊಬ್ಬನಿದ್ದಾನೆ. ಆಟದ ಪ್ರಾರಂಭದಲ್ಲೇ ಸಿಗುವ ಪಾಳುಗುಡಿಯ ಹೊರಗೆ ಹನ್ಬೆ ಎಂಬ ಸಾವಿಲ್ಲದವನೊಬ್ಬ ಕುಳಿತಿರುತ್ತಾನೆ. ಎಷ್ಟು ಕಡಿದರೂ ಮತ್ತೆ ಎದ್ದು ನಿಲ್ಲುವ ಅವನು ಅಭ್ಯಾಸಕ್ಕೆಂದೇ ತನ್ನ ಮೈಯನ್ನು ಒಡ್ಡಿಕೊಂಡವನು. ಕಷ್ಟದ ಮಟ್ಟ ಇಳಿಸುವ ಆಯ್ಕೆ ಇಲ್ಲವೆಂದು ದೂರುವವರು ಅವನ ಬಳಿ ಒಂದು ಸಂಜೆ ಕಳೆದು ನೋಡಬೇಕು. ಆಟದಲ್ಲಿ ದೋಷವೇ ಇಲ್ಲವೆಂದಲ್ಲ. ಗೋಡೆಗೆ ಒತ್ತಿಕೊಂಡು ಕಾದಾಡುವಾಗ ಕ್ಯಾಮೆರಾ ದಿಕ್ಕೆಡುತ್ತದೆ, ಆ ಗಳಿಗೆಯಲ್ಲಿ ಬಿದ್ದ ಏಟಿಗೆ ಆಡುವವನು ಹೊಣೆಯಲ್ಲ. ಇಷ್ಟು ನಿಚ್ಚಳವಾದ ಆಟದಲ್ಲಿ ಈ ಒಂದು ಮಬ್ಬು ಉಳಿದುಬಿಟ್ಟದ್ದು ನನಗೆ ಸರಿಕಾಣಲಿಲ್ಲ.

ಸೂಪರ್‌ಜೈಂಟ್ ಗೇಮ್ಸ್ ಎಂಬ ಅಮೆರಿಕದ ಸಣ್ಣ ಸಂಸ್ಥೆಯ ‘ಹೇಡಿಸ್’ 2018ರ ಕೊನೆಯಲ್ಲೇ ಅಪೂರ್ಣ ರೂಪದಲ್ಲಿ ಆಟಗಾರರ ಕೈಗೆ ಬಂದು, ಅವರ ಅಭಿಪ್ರಾಯಗಳನ್ನು ಕೇಳುತ್ತ ಬೆಳೆದು, 2020ರ ಸೆಪ್ಟೆಂಬರ್‌ನಲ್ಲಿ ಪೂರ್ಣ ರೂಪ ಪಡೆಯಿತು. ವೈಜ್ಞಾನಿಕ ಕಥೆ ಮತ್ತು ಅದ್ಭುತ ಕಥೆಗಳಿಗೆ ಹೆಸರಾದ ಹ್ಯೂಗೊ ಪ್ರಶಸ್ತಿಯನ್ನೂ 2021ರಲ್ಲಿ ಪಡೆದ ಆಟವಿದು. ಗ್ರೀಕ್ ಪುರಾಣದ ಪಾತಾಳಲೋಕದ ಒಡೆಯ ಹೇಡಿಸನ ಮಗ ಝಾಗ್ರಿಯಸ್, ತಂದೆಯ ಮನೆಯಿಂದ ಹೊರಬರಲು ಮತ್ತೆ ಮತ್ತೆ ಯತ್ನಿಸುತ್ತಾನೆ. ಸತ್ತರೆ ಪುನಃ ಮನೆಯಲ್ಲೇ ಎದ್ದೇಳುತ್ತಾನೆ. ಬಾಗಿಲಲ್ಲಿರುವ ನಿದ್ರೆಯ ದೇವತೆ ಹಿಪ್ನಾಸ್, ಈ ಸಲ ಯಾರ ಕೈಯಲ್ಲಿ ಸತ್ತೆ ಎಂಬುದನ್ನು ಹೇಳಿ ಒಂದು ಸಲಹೆಯನ್ನೂ ಕೊಡುತ್ತಾನೆ. ಸೋಲನ್ನು ಕಥೆಯ ಒಂದು ಭಾಗವಾಗಿಯೇ ಮಾಡಿಕೊಂಡ ಈ ಉಪಾಯ ಎಷ್ಟು ಚೆನ್ನಾಗಿದೆಯೆಂದರೆ, ನನ್ನ ಸೋದರಳಿಯ ಕೆಲವು ಪಾತ್ರಗಳ ಮುಂದಿನ ಮಾತು ಕೇಳುವುದಕ್ಕಾಗಿಯೇ ಬೇಗ ಮನೆಗೆ ಮರಳಲು ಹಾತೊರೆಯುತ್ತಿದ್ದ. ಆರು ಆಯುಧಗಳಿದ್ದು ಆರಕ್ಕೂ ಬೇರೆ ಬೇರೆ ನಡೆಯಿದೆ. ನನ್ನ ಕೈಗೆ ಹೊಂದಿಕೆಯಾದದ್ದು ಗುರಾಣಿ, ಅವನಿಗೆ ಬಿಲ್ಲು.

ಈ ಆಟದಲ್ಲಿ ಕಷ್ಟ ತಗ್ಗಿಸಲು ‘ಗಾಡ್ ಮೋಡ್’ ಎಂಬ ವ್ಯವಸ್ಥೆಯಿದೆ. ಅದನ್ನು ಹಾಕಿಕೊಂಡರೆ ಬೀಳುವ ಪೆಟ್ಟು ಮೊದಲಿಗೆ ಶೇಕಡಾ 20ರಷ್ಟು ಕಡಿಮೆಯಾಗುತ್ತದೆ, ಸತ್ತಾಗಲೆಲ್ಲ ಇನ್ನೂ ಶೇಕಡಾ 2ರಷ್ಟು ರಕ್ಷಣೆ ಸೇರುತ್ತ ಶೇಕಡಾ 80ಕ್ಕೆ ಹೋಗಿ ನಿಲ್ಲುತ್ತದೆ. ಶತ್ರುಗಳ ನಡೆ ಬದಲಾಗುವುದಿಲ್ಲ, ಕಲಿಯುವುದಕ್ಕೆ ಸಮಯ ಮಾತ್ರ ಹೆಚ್ಚು ಸಿಗುತ್ತದೆ. ಆಕ್ಷನ್ ಗೇಮ್‌ಗೆ ಹೊಸಬರಾದ ಹಿರಿಯರಿಗೂ ಮಕ್ಕಳಿಗೂ ಇದಕ್ಕಿಂತ ಮರ್ಯಾದೆಯ ನೆರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೂ ನನ್ನ ಅಳತೆಗೋಲಿನಲ್ಲಿ ಹೇಡಿಸ್ ಸೆಕಿರೊಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತದೆ. ದೇವತೆಗಳ ವರಗಳು ಒಂದರ ಮೇಲೊಂದು ಸೇರಿದ ಮೇಲೆ ಸಿಡಿಲು, ಅಲೆ, ಹಿಮ ಎಲ್ಲವೂ ಒಟ್ಟಿಗೇ ಪರದೆ ತುಂಬಿಬಿಡುತ್ತವೆ. ನೆಲದ ಮೇಲೆ ಮೂಡುವ ಶತ್ರುವಿನ ಎಚ್ಚರಿಕೆಯ ಗುರುತು ನಮ್ಮದೇ ಬಣ್ಣಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಎಲಿಸಿಯಮ್ ಎಂಬ ಮೂರನೆಯ ಲೋಕದ ಕಿಕ್ಕಿರಿದ ಕೋಣೆಗಳಲ್ಲಿ ಈ ತೊಂದರೆ ಎದ್ದು ಕಾಣುತ್ತದೆ.

ಚೀನಾದ ಗೇಮ್ ಸೈನ್ಸ್ ಸಂಸ್ಥೆಯ ‘ಬ್ಲ್ಯಾಕ್ ಮಿತ್: ವುಕಾಂಗ್’ 2024ರ ಆಗಸ್ಟ್ 20ರಂದು ಬಿಡುಗಡೆಯಾಯಿತು. ಚೀನೀ ಪುರಾಣಕಥೆಯ ವಾನರವೀರನ ಪರಂಪರೆಯಲ್ಲಿ ಬಂದ ಇನ್ನೊಬ್ಬ ವಾನರ ದಂಡ ಹಿಡಿದು ಹೊರಡುವ ಈ ಆಟದಷ್ಟು ವೈಭವವುಳ್ಳದ್ದನ್ನು ನನ್ನ ಗಣಕ ಈವರೆಗೆ ತೋರಿಸಿರಲಿಲ್ಲ. ಚೀನಾದ ನಿಜವಾದ ದೇಗುಲಗಳನ್ನೂ ಶಿಲ್ಪಗಳನ್ನೂ ಅಳೆದು ತಂದು ಕೂರಿಸಿದ್ದಾರೆ. ಎರಡನೆಯ ಅಧ್ಯಾಯದಲ್ಲಿ ಹಳದಿ ಮರಳಿನ ನಡುವೆ ತಲೆಯಿಲ್ಲದ ಗಾಯಕನೊಬ್ಬ ತಂತಿವಾದ್ಯ ಮೀಟುತ್ತ ಉತ್ತರ ಶಾನ್ಶಿಯ ಜನಪದ ಕಥಾಗಾಯನವನ್ನು ಹಾಡುತ್ತಾನೆ. ಭಾಷೆ ತಿಳಿಯದಿದ್ದರೂ ನಾವಿಬ್ಬರೂ ಆಟ ನಿಲ್ಲಿಸಿ ಹಾಡು ಪೂರ್ತಿ ಕೇಳಿದೆವು. ಕಾದಾಟದಲ್ಲಿ ಮಾತ್ರ ಏರುಪೇರಿದೆ. ಮೊದಲ ಅಧ್ಯಾಯದ ಕಾಡಿನಲ್ಲಿ ತಿರುಗಾಡುವ ದೊಡ್ಡ ತಲೆಯ ಭೂತ ತನ್ನ ತಲೆಯನ್ನು ಹಿಂದಕ್ಕೆಳೆದು ಕುಟ್ಟುವ ಏಟು ದೂರದಿಂದಲೇ ಕಾಣುತ್ತದೆ, ಅದನ್ನು ತಪ್ಪಿಸುವುದರಲ್ಲಿ ಸುಖವಿದೆ. ಆದರೆ ಮೂರನೆಯ ಅಧ್ಯಾಯದಲ್ಲಿ ಹಾರಾಡುತ್ತ ಕಾದಾಡುವ ಡ್ರ್ಯಾಗನ್ ಪರದೆಯಿಂದ ಹೊರಗೆ ಹೋಗಿ ಅಲ್ಲಿಂದಲೇ ಎರಗಿದಾಗ, “ಮಾವ, ಎಲ್ಲಿಂದ ಬಿತ್ತು ಅಂತಲೇ ಗೊತ್ತಾಗಲಿಲ್ಲ” ಎಂದು ಹುಡುಗ ಹೇಳಿದ್ದು ನ್ಯಾಯವಾದ ದೂರೇ ಆಗಿತ್ತು. ದಾರಿ ತೆರೆದಂತೆ ಕಾಣುವ ಕಡೆಗಳಲ್ಲಿ ಕಣ್ಣಿಗೆ ಕಾಣದ ಗೋಡೆಗಳು ತಡೆಯುವುದೂ ಇದೇ ಜಾತಿಯ ತೊಂದರೆ: ಕಣ್ಣಿಗೆ ಕಂಡದ್ದನ್ನು ನಂಬುವಂತಿಲ್ಲ.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡದ ‘ರಾಜಿ: ಆನ್ ಏನ್ಷಂಟ್ ಎಪಿಕ್’ 2020ರಲ್ಲಿ ಬಂದದ್ದು, ನಾಲ್ಕರಲ್ಲಿ ಅತ್ಯಂತ ಚಿಕ್ಕದು. ರಾಕ್ಷಸರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿ ಹೊರಡುವ ಅಕ್ಕ ರಾಜಿಯ ಕೈಯಲ್ಲಿ ದುರ್ಗೆ ಕೊಟ್ಟ ತ್ರಿಶೂಲವಿದೆ. ದುರ್ಗೆ ಮತ್ತು ವಿಷ್ಣು ಮಾತಾಡಿಕೊಳ್ಳುತ್ತ ಕಥೆಯನ್ನು ನಡೆಸುತ್ತಾರೆ. ರಾಜಸ್ಥಾನದ ಕೋಟೆಗಳ ಮತ್ತು ಬಾಲಿಯ ವಾಸ್ತುವಿನ ಛಾಯೆಯಿರುವ ಹಿನ್ನೆಲೆಗಳನ್ನು ಕೈಯಿಂದ ಬಣ್ಣ ಬಳಿದಂತೆ ರೂಪಿಸಿದ್ದಾರೆ, ಕಥೆಯ ಕೊಂಡಿಗಳನ್ನು ತೊಗಲುಗೊಂಬೆಯಾಟದ ಶೈಲಿಯಲ್ಲಿ ತೋರಿಸಿದ್ದಾರೆ. ಗೋಡೆಯ ಮೇಲೆ ಓಡಿ ಹಿಂದಕ್ಕೆ ನೆಗೆದು ಹೊಡೆಯುವುದೂ, ಕಂಬ ಹಿಡಿದು ಸುತ್ತಿ ಶತ್ರುಗಳನ್ನು ಬೀಳಿಸುವುದೂ ನೋಡಲು ಬಲು ಚೆಂದ. ಆದರೆ ತ್ರಿಶೂಲ ತಾಗಿದಾಗ ಅದಕ್ಕೆ ಇರಬೇಕಾದ ತೂಕ ಕೈಗೆ ತಿಳಿಯುವುದಿಲ್ಲ. ಕ್ಯಾಮೆರಾ ದೂರದಲ್ಲಿ ಸ್ಥಿರವಾಗಿರುವುದರಿಂದ ಗುಂಪಿನಲ್ಲಿ ಯಾವ ರಾಕ್ಷಸ ಕೈಯೆತ್ತಿದ ಎಂಬುದೂ ಸ್ಪಷ್ಟವಿರುವುದಿಲ್ಲ. ಕಥೆ ಇನ್ನೇನು ಕಾವೇರಿತು ಎನ್ನುವಾಗ ತಟ್ಟನೆ ಮುಗಿದುಹೋಗುತ್ತದೆ. ಇಷ್ಟಾದರೂ ಈ ತಂಡದ ಮುಂದಿನ ಕೆಲಸವನ್ನು ನಾನು ಆಸೆಯಿಂದ ಕಾಯುತ್ತೇನೆ. ಬನವಾಸಿಯ ಮಧುಕೇಶ್ವರನ ಗುಡಿಯ ಕಂಬಗಳ ನಡುವೆ ಇಂಥದೊಂದು ಹುಡುಗಿ ತ್ರಿಶೂಲ ಹಿಡಿದು ಓಡಾಡುವ ಆಟವನ್ನು ನಮ್ಮವರೇ ಮಾಡಬಾರದೇಕೆ ಎಂದು ಇದನ್ನು ಆಡುವಾಗ ಹಲವು ಸಲ ಅನಿಸಿತು.

ನಮ್ಮ ಕಡೆಯವರು ಕೊಳ್ಳುವ ಮೊದಲು ಯೋಚಿಸಬೇಕಾದ ಸಂಗತಿಗಳೂ ಇವೆ. ವುಕಾಂಗ್‌ಗೆ 130 ಜಿಬಿ ಜಾಗ ಬೇಕು, ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಇದ್ದರೆ ಒಳ್ಳೆಯದು. ಮರ ಬಿದ್ದು ಇಂಟರ್‌ನೆಟ್ ತಂತಿ ತುಂಡಾಗುವ ಆಷಾಢದಲ್ಲಿ ಅಷ್ಟನ್ನು ಡೌನ್‌ಲೋಡ್ ಮಾಡಲು ಹೊರಡುವುದಕ್ಕಿಂತ ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳುವುದು ಲೇಸು. ಸೆಕಿರೊಗೆ 25 ಜಿಬಿ ಸಾಕು. ಹೇಡಿಸ್ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಸರಾಗವಾಗಿ ಓಡುತ್ತದೆ. ಪ್ರತಿ ಕೋಣೆಯ ಬಾಗಿಲಲ್ಲೂ ಆಟ ತಾನಾಗಿಯೇ ಸೇವ್ ಆಗುವುದರಿಂದ ಕರೆಂಟು ಹೋದರೂ ಆ ಒಂದು ಕೋಣೆಯಷ್ಟೇ ನಷ್ಟ. ಒಂದನ್ನೇ ಕೊಳ್ಳುವುದಾದರೆ, ಕೈ ಪಳಗಿದವರು ಸೆಕಿರೊ ಕೊಳ್ಳಲಿ, ಹೊಸಬರು ಹೇಡಿಸ್‌ನಿಂದ ಶುರುಮಾಡಲಿ. ವುಕಾಂಗ್ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಮಾತ್ರ ಹೇಳಿದ್ದು. ರಾಜಿಯನ್ನು ರಿಯಾಯಿತಿಯ ಬೆಲೆಗೆ ಬಂದಾಗ ಕೊಂಡು ಒಂದು ವಾರಾಂತ್ಯದಲ್ಲಿ ಆಡಿ ಮುಗಿಸಬಹುದು.